ಎತ್ತಿಗೆ ಜ್ವರ, ಎಮ್ಮೆಗೆ ಬರೆ

2022ರ ಜೂನ್ 24, ಶುಕ್ರವಾರ. ಬೆಳಗಾವಿ ಜಿಲ್ಲೆಯ ಮೂಡಲಗಿ ಪಟ್ಟಣದ ಹಳ್ಳದ ನೀರಿನಲ್ಲಿ ಡಬ್ಬಿಗಳು ತೇಲುತ್ತಿರುವುದು ಜನರ ಕಣ್ಣಿಗೆ ಬಿತ್ತು. ತೆಗೆದು ನೋಡಿದರೆ ಒಳಗೆ ಏಳು ಭ್ರೂಣಗಳು. ಐದು ತಿಂಗಳಿನವು, ಲಿಂಗ ಪತ್ತೆ ಮಾಡಿಸಿ ತೆಗೆದಂತೆ ಕಾಣುತ್ತದೆ ಎಂದು ಜಿಲ್ಲಾ ಆರೋಗ್ಯಾಧಿಕಾರಿಗಳು ಹೇಳಿದರು. ಸುದ್ದಿ ಗೋಕಾಕ, ಹುಕ್ಕೇರಿ, ಸಂಕೇಶ್ವರ ದಾಟಿ ನಾಡಿನ ಟಿವಿ ಪರದೆಗಳ ಮೇಲೆ ಹರಡಿತು. ಅದೇ ಶುಕ್ರವಾರ, ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ, ಅಮೆರಿಕದ ಸುಪ್ರೀಂ ಕೋರ್ಟು ತನ್ನದೇ 1973ರ ರೋ ತೀರ್ಪನ್ನು ರದ್ದುಮಾಡಿತು. ಗರ್ಭಪಾತದ ಹಕ್ಕಿಗೆ ಆ ದೇಶದ ಸಂವಿಧಾನದ ಆಸರೆ ಇಲ್ಲ ಎಂದಿತು.

ಎರಡೂ ಸುದ್ದಿಯನ್ನು ಒಂದೇ ಉಸಿರಿನಲ್ಲಿ ಆಡಿದವರನ್ನು ಆ ವಾರ ನಾನು ಕೇಳಿದೆ. "ನೋಡ್ರಿ, ಅಮೆರಿಕಾದವರಿಗೂ ಬುದ್ಧಿ ಬಂತು. ನಮ್ಮಲ್ಲಿ ಕಾಯ್ದೆ ಸಡ್ಲ ಐತಿ, ಅದಕ್ಕ ಹಿಂಗಾಗತೈತಿ. ಹೊಟ್ಟಿ ತೆಗೆಸೂದು ಅಂದ್ರ ಕೊಲೀನ. ಗಂಡನ ಸಹಿ ಇಲ್ದ ಯಾವ ಡಾಕ್ಟ್ರೂ ಮುಟ್ಟಬಾರದು." ಹೀಗೆ ಹೇಳಿದವರು ಕೆಟ್ಟವರಲ್ಲ. ಹೆಣ್ಣುಮಗು ಹುಟ್ಟಿದಾಗ ಊರಿಗೆಲ್ಲ ಪೇಡೆ ಹಂಚಿದವರೂ ಅವರಲ್ಲಿದ್ದರು. ಮಠದ ಕಟ್ಟೆ, ಮಸೀದಿಯ ಓಣಿ, ಚುನಾವಣೆಯ ವೇದಿಕೆ, ಶಾಲೆಯ ಸ್ಟಾಫ್ ರೂಮು, ಎಲ್ಲ ಕಡೆಯೂ ಇದೇ ಮಾತು. ಇದು ನಮ್ಮ ಸೀಮೆಯ ಸಾಮಾನ್ಯ ಅಭಿಪ್ರಾಯ. ಇದರ ಒಂದೊಂದು ಮೆಟ್ಟಿಲೂ ತಪ್ಪು ಎಂದು ತೋರಿಸಲಿಕ್ಕೆ ಈ ಲೇಖನ ಬರೆಯುತ್ತಿದ್ದೇನೆ. ಈ ಅಭಿಪ್ರಾಯ ಹೆಣ್ಣುಶಿಶುವನ್ನು ಉಳಿಸುವುದಿಲ್ಲ, ಹೆಣ್ಣುಮಗಳನ್ನು ಕೊಲ್ಲುತ್ತದೆ. ಹಾಗೆ ಕೊಂದದ್ದಕ್ಕೆ ಬೆಳಗಾವಿಯದೇ ಒಂದು ಮನೆ ಸಾಕ್ಷಿಯಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಪದವನ್ನೇ ಹಿಡಿಯೋಣ. ಆಸ್ಪತ್ರೆ, ಪಂಚಾಯ್ತಿ, ಶಾಲೆಗಳ ಗೋಡೆಗಳ ಮೇಲೆ ಸರ್ಕಾರ ವರ್ಷಗಟ್ಟಲೆ "ಹೆಣ್ಣು ಭ್ರೂಣಹತ್ಯೆ ಮಹಾಪಾಪ" ಎಂದು ಬರೆಸಿತು. ಉದ್ದೇಶ ಒಳ್ಳೆಯದೇ. ಆದರೆ ಜನರ ಬಾಯಲ್ಲಿ ಸವೆಯುತ್ತ ಸವೆಯುತ್ತ 'ಹೆಣ್ಣು' ಎಂಬ ಪದ ಉದುರಿತು, 'ಭ್ರೂಣಹತ್ಯೆ' ಉಳಿಯಿತು. ಈಗ ಎಲ್ಲ ಗರ್ಭಪಾತಕ್ಕೂ ಅದೊಂದೇ ಹೆಸರು. ದೇಶದ ಕಾನೂನು ಈ ಗೊಂದಲ ಮಾಡಿಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಬೇರೆ, 1994ರ ಲಿಂಗ ಪತ್ತೆ ನಿಷೇಧ ಕಾಯ್ದೆ ಬೇರೆ. ಮೊದಲನೆಯದು ಹೆಂಗಸಿನ ಪ್ರಾಣ ಮತ್ತು ಆರೋಗ್ಯಕ್ಕಾಗಿ ಬಂದದ್ದು. ಎರಡನೆಯದು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ನೋಡುವ, ಹೇಳುವ ಕೆಲಸವನ್ನು ತಡೆಯಲಿಕ್ಕೆ ಬಂದದ್ದು. ಒಂದು ಆಕೆಗೆ ಬಾಗಿಲು ತೆರೆಯುತ್ತದೆ, ಇನ್ನೊಂದು ಆಕೆಯನ್ನು ದೂಡುವವರ ಕೈ ಹಿಡಿಯುತ್ತದೆ.

ಇಬ್ಬರು ಹೆಣ್ಣುಮಕ್ಕಳನ್ನು ಮನಸ್ಸಿಗೆ ತಂದುಕೊಳ್ಳಿ. ಒಬ್ಬಳಿಗೆ ಎರಡು ಹೆಣ್ಣುಮಕ್ಕಳು. ಮೂರನೆಯ ಬಸುರು ನಾಲ್ಕು ತಿಂಗಳು ದಾಟಿದೆ. ಅತ್ತೆ ದೇವರಿಗೆ ಹರಕೆ ಹೊತ್ತಿದ್ದಾಳೆ, ಗಂಡ ಮುಖ ಕೊಟ್ಟು ಮಾತಾಡುವುದಿಲ್ಲ. ಒಂದು ದಿನ ಕತ್ತಲಾಗುವಾಗ ಕಾರು ಬರುತ್ತದೆ. ಯಾವ ಊರು, ಯಾವ ಮನೆ ಎಂದು ಯಾರೂ ಹೇಳುವುದಿಲ್ಲ. ಹೊಟ್ಟೆಯ ಮೇಲೆ ಯಂತ್ರ ಆಡಿಸಿ, ಪರದೆ ನೋಡಿ, ಗಂಡನ ಕಿವಿಯಲ್ಲಿ ಪಿಸುಗುಡುತ್ತಾರೆ. ಮುಂದಿನದು ನಿರ್ಧಾರವಾಗಿಬಿಡುತ್ತದೆ. ಇನ್ನೊಬ್ಬಳು ಕಬ್ಬು ಕಡಿಯುವ ಗ್ಯಾಂಗಿನವಳು. ಎಂಟು ತಿಂಗಳ ಕೂಸು ಇನ್ನೂ ಮೊಲೆ ಬಿಟ್ಟಿಲ್ಲ. ಮುಟ್ಟು ನಿಂತು ಎರಡು ವಾರ. ಮತ್ತೊಂದು ಬಸುರನ್ನು ಈ ಮೈ ತಾಳಲಾರದು ಎಂದು ಆಕೆಗೆ ಗೊತ್ತು. ಯಾರಿಗೂ ಹೇಳದೆ ತಾಲೂಕು ಆಸ್ಪತ್ರೆಯ ಚೀಟಿಯ ಸಾಲಿನಲ್ಲಿ ನಿಲ್ಲುತ್ತಾಳೆ.

ಮೊದಲನೆಯವಳ ಮೇಲೆ ಅಪರಾಧ ನಡೆದಿದೆ. ಎರಡನೆಯವಳು ತನ್ನ ಬಾಳಿನ ಬಗ್ಗೆ ತಾನೇ ತೀರ್ಮಾನ ಮಾಡಿದ್ದಾಳೆ, ಬಹುಶಃ ಜೀವನದಲ್ಲಿ ಮೊದಲ ಸಲ. ಇಬ್ಬರನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿ 'ಹಂತಕಿ' ಎನ್ನುವ ಸಮಾಜ ನ್ಯಾಯದ ಅಕ್ಷರಾಭ್ಯಾಸವನ್ನೇ ಮಾಡಿಲ್ಲ. 1994ರ ಕಾಯ್ದೆ ಬರೆದವರು ಇದನ್ನು ಅರಿತಿದ್ದರು. ಅದರ 24ನೆಯ ಕಲಮನ್ನು ನಮ್ಮ ಭಾಷಣಕಾರರು ಒಮ್ಮೆಯಾದರೂ ಓದಬೇಕು. ಲಿಂಗ ಪತ್ತೆ ಮಾಡಿಸಿಕೊಂಡ ಬಸುರಿಯನ್ನು ಗಂಡನೋ ನೆಂಟರೋ ಬಲವಂತದಿಂದ ಒಯ್ದಿದ್ದಾರೆ ಎಂದೇ ನ್ಯಾಯಾಲಯ ಮೊದಲು ಭಾವಿಸಬೇಕು, ಅಲ್ಲ ಎನ್ನುವುದನ್ನು ಬೇರೆಯವರು ಸಾಬೀತು ಮಾಡಬೇಕು ಎನ್ನುತ್ತದೆ ಅದು. ಕಾನೂನು ಬೆರಳು ತೋರುವುದು ಮನೆಯತ್ತ. ನಾವು ಬೆರಳು ತೋರುವುದು ಆಕೆಯತ್ತ.

"ಕಾಯ್ದೆ ಸಡಿಲ ಇರುವುದಕ್ಕೇ ಇದೆಲ್ಲ" ಎಂಬುದು ಎರಡನೆಯ ಮಾತು. ಇದನ್ನು ಲೆಕ್ಕಕ್ಕೆ ಒಡ್ಡೋಣ. 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಪ್ರತಿ ಸಾವಿರ ಗಂಡುಮಕ್ಕಳಿಗೆ ಕರ್ನಾಟಕದಲ್ಲಿ 946 ಹೆಣ್ಣುಮಕ್ಕಳಿದ್ದರು, ಕೇರಳದಲ್ಲಿ 960. ಹುಕ್ಕೇರಿಯ ಗಡಿಗೆ ಅಂಟಿಕೊಂಡಿರುವ, ಬೆಲ್ಲ ಮತ್ತು ಹಾಲಿನ ಸಂಪತ್ತಿನ ಕೊಲ್ಲಾಪುರ ಜಿಲ್ಲೆಯಲ್ಲಿ ಬರೀ 839. ಮೂರೂ ಕಡೆ ಇದ್ದದ್ದು 1971ರ ಅದೇ ಕೇಂದ್ರ ಕಾಯ್ದೆ, ಅದೇ ವಾರಗಳ ಮಿತಿ, ಅದೇ ಅರ್ಜಿ. ಗರ್ಭಪಾತದ ಕಾಯ್ದೆಯೇ ಹೆಣ್ಣುಮಕ್ಕಳನ್ನು ನುಂಗುತ್ತಿದ್ದರೆ ಮೂರೂ ಕಡೆ ಸಮನಾಗಿ ನುಂಗಬೇಕಿತ್ತು. ವ್ಯತ್ಯಾಸ ಇದ್ದದ್ದು ಬೇರೆಲ್ಲೋ: ಜಮೀನು ಗಂಡಿಗೇ ಹೋಗಬೇಕೆಂಬ ಹಟದಲ್ಲಿ, ವರದಕ್ಷಿಣೆಯ ತೂಕದಲ್ಲಿ, ಓಣಿಗೊಂದರಂತೆ ಬಂದ ಸ್ಕ್ಯಾನಿಂಗ್ ಯಂತ್ರದಲ್ಲಿ.

ಇನ್ನೂ ಹತ್ತಿರದ ಸಾಕ್ಷ್ಯ ಬೇಕೆ? ಕಾಗವಾಡದ ಆಚೆ, ಗಡಿ ದಾಟಿದರೆ ಮಿರಜ ತಾಲೂಕಿನ ಮ್ಹೈಸಾಳ. 2017ರ ಮಾರ್ಚಿನಲ್ಲಿ ಅಲ್ಲಿ ಪೊಲೀಸರು 19 ಭ್ರೂಣಗಳನ್ನು ಹೊರತೆಗೆದರು. ಅದು ಹೊರಬಿದ್ದದ್ದು ಗರ್ಭಪಾತದ ವೇಳೆ ಸತ್ತ ಒಬ್ಬ ಹೆಣ್ಣುಮಗಳ ಸಾವಿನ ತನಿಖೆಯಿಂದ. ಅಲ್ಲಿ ಆಸ್ಪತ್ರೆ ನಡೆಸುತ್ತಿದ್ದವನು ಹೋಮಿಯೋಪತಿ ಓದಿದವನು. 2023ರ ಕೊನೆಗೆ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹಿಡಿದ ಜಾಲದ ಸ್ಕ್ಯಾನಿಂಗ್ ಯಂತ್ರ ಇದ್ದದ್ದು ಮಂಡ್ಯದ ಒಂದು ಆಲೆಮನೆಯಲ್ಲಿ. 2024ರ ಮೇ ತಿಂಗಳಲ್ಲಿ, ನಮ್ಮ ಮಗ್ಗುಲಿನ ಮಹಾಲಿಂಗಪುರದ ಒಂದು ಮನೆಯಲ್ಲಿ ಗರ್ಭ ತೆಗೆಸಿಕೊಂಡ ಮಹಾರಾಷ್ಟ್ರದ ಹೆಣ್ಣುಮಗಳು ಪ್ರಾಣ ಬಿಟ್ಟಳು. ಆಲೆಮನೆ, ಬಾಡಿಗೆ ಮನೆ, ಪರವಾನಗಿಯ ಹಂಗಿಲ್ಲದ ಕೋಣೆ: ಇವುಗಳಲ್ಲಿ ಯಾವುದು 1971ರ ಕಾಯ್ದೆಯ ಬಾಗಿಲಿನಿಂದ ಒಳಬಂದದ್ದು? ಎಲ್ಲವೂ ಆ ಕಾಯ್ದೆಯ ಹೊರಗೆ, ಅದರ ಬೆನ್ನ ಹಿಂದೆ ನಡೆದವು. ಕಾಯ್ದೆಯ ಬಾಗಿಲನ್ನು ಇನ್ನಷ್ಟು ಕಿರಿದು ಮಾಡಿದರೆ ಆಲೆಮನೆಯ ಗಿರಾಕಿ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ.

ಬರೆ ಎಳೆದಾಗ ಏನಾಗುತ್ತದೆಂಬುದನ್ನು ಈ ದೇಶ ನೂರು ವರ್ಷಕ್ಕೂ ಮೇಲ್ಪಟ್ಟು ಕಂಡಿದೆ. ಬ್ರಿಟಿಷರು 1860ರಲ್ಲಿ ಬರೆದ ದಂಡಸಂಹಿತೆಯ 312ನೆಯ ಕಲಮಿನ ಪ್ರಕಾರ, ಪ್ರಾಣ ಉಳಿಸಲಿಕ್ಕಲ್ಲದೆ ಗರ್ಭ ತೆಗೆಯುವುದು ಅಪರಾಧ. ತಾನೇ ತೆಗೆದುಕೊಂಡ ಹೆಂಗಸೂ ಅಪರಾಧಿ. ಆ ಕಾಲದಲ್ಲಿ ಗರ್ಭಪಾತ ನಿಂತಿತೇ? ಎಕ್ಕದ ಕಡ್ಡಿಯಿಂದ ಗರ್ಭ ಇಳಿಸುತ್ತಿದ್ದುದನ್ನು ನಮ್ಮ ಅಜ್ಜಿಯಂದಿರ ತಲೆಮಾರು ಕಣ್ಣಾರೆ ಕಂಡಿದೆ. ವಿಧವೆಯರು ಬಾವಿ ಹಾರಿದ್ದನ್ನು ಕಂಡಿದೆ. 1964ರಲ್ಲಿ ಸರ್ಕಾರ ಶಾಂತಿಲಾಲ್ ಶಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಬೇಕಾಗಿ ಬಂದದ್ದು ಈ ಸಾವುಗಳಿಂದಲೇ. ಆ ಸಮಿತಿಯ ವರದಿಯ ಮೇಲೆ ಬಂದ 1971ರ ಕಾಯ್ದೆ 1972ರ ಏಪ್ರಿಲ್ 1ರಿಂದ ಜಾರಿಯಾಯಿತು. ಇಷ್ಟಾದರೂ ಹಳೆಯ ಕಲಮು ಸತ್ತಿಲ್ಲ. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 88ನೆಯ ಕಲಮಾಗಿ ಕೂತಿದೆ. 1971ರ ಕಾಯ್ದೆ ಅದಕ್ಕೊಂದು ವಿನಾಯಿತಿ ಮಾತ್ರ. ಹೆಂಗಸು ಕೇಳಿದ್ದಾಳೆ ಎಂಬುದಷ್ಟೇ ಇವತ್ತಿಗೂ ಸಾಲದು, ವೈದ್ಯರು ಒಪ್ಪಬೇಕು. ಇದನ್ನು 'ಸಡಿಲ' ಎನ್ನುವವರು ಬಿಗಿ ಎಂದರೆ ಏನೆಂದು ಬಲ್ಲರೇ?

ಬಲ್ಲವರು ಬೆಳಗಾವಿಯಲ್ಲಿದ್ದಾರೆ. ಸವಿತಾ ಹಾಲಪ್ಪನವರ ಬೆಳಗಾವಿಯ ಮಗಳು. ಇಲ್ಲೇ ದಂತವೈದ್ಯಕೀಯ ಓದಿದವಳು. ಮದುವೆಯಾಗಿ ಗಂಡನ ಜೊತೆ ಐರ್ಲೆಂಡಿನ ಗಾಲ್ವೇ ನಗರಕ್ಕೆ ಹೋದಳು. 2012ರ ಅಕ್ಟೋಬರಿನಲ್ಲಿ ಆಕೆಗೆ 31 ವರ್ಷ, ಹದಿನೇಳು ವಾರದ ಬಸುರಿ. ಆ ಮಗು ಆಕೆಗೆ ಬೇಕಾಗಿತ್ತು ಎಂಬುದನ್ನು ಮರೆಯಬಾರದು. ಅಕ್ಟೋಬರ್ 21ರಂದು ಬೆನ್ನುನೋವೆಂದು ಆಸ್ಪತ್ರೆಗೆ ಹೋದಳು. ಗರ್ಭ ನಿಲ್ಲುವುದಿಲ್ಲ ಎಂದು ವೈದ್ಯರಿಗೆ ತಿಳಿಯಿತು. ನೀರು ಒಡೆಯಿತು. ಹೇಗೂ ಉಳಿಯುವುದಿಲ್ಲವೆಂದ ಮೇಲೆ ತೆಗೆದುಬಿಡಿ ಎಂದು ಆಕೆ ಕೇಳಿಕೊಂಡಳು. ಭ್ರೂಣದ ಹೃದಯ ಇನ್ನೂ ಮಿಡಿಯುತ್ತಿದೆ, ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂತು. ಇದು ಕೆಥೋಲಿಕ್ ದೇಶ ಎಂಬ ಮಾತೂ ಆ ವಾರ್ಡಿನಲ್ಲಿ ಆಕೆಯ ಕಿವಿಗೆ ಬಿತ್ತು. ಆಡಿದವರೇ ಅದನ್ನು ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ಅಕ್ಟೋಬರ್ 24ರಂದು ಭ್ರೂಣದ ಮಿಡಿತ ನಿಂತಿತು. ಅಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು. ಅಕ್ಟೋಬರ್ 28ರಂದು ಸವಿತಾ ಸತ್ತಳು.

ಐರ್ಲೆಂಡಿನ ಸಂವಿಧಾನಕ್ಕೆ 1983ರಲ್ಲಿ ಎಂಟನೆಯ ತಿದ್ದುಪಡಿ ಬಂದಿತ್ತು. ತಾಯಿಯ ಜೀವ, ಹುಟ್ಟದ ಜೀವ ಎರಡೂ ಸಮ ಎಂದಿತ್ತು ಅದು. ಕೇಳಲಿಕ್ಕೆ ಎಷ್ಟು ಧರ್ಮದ ಮಾತು! ಇವತ್ತು ನಮ್ಮ ವೇದಿಕೆಗಳಲ್ಲಿ ಚಪ್ಪಾಳೆ ಗಿಟ್ಟಿಸುವುದು ಇದೇ ಮಾತು. ಅದು ಆಸ್ಪತ್ರೆಯ ಹಾಸಿಗೆಯ ಬಳಿ ಬಂದಾಗ ಏನಾಯಿತು? ಉಳಿಯಲಾರದ ಜೀವದ ಕೊನೆಯ ಮಿಡಿತಕ್ಕಾಗಿ ಕಾಯುತ್ತ, ಉಳಿಯಬಹುದಾಗಿದ್ದ ಜೀವವನ್ನು ಕೈಬಿಟ್ಟರು. ಸಬಾರತ್ನಂ ಅರುಳ್‌ಕುಮಾರನ್ ಎಂಬ ಹೆಸರಾಂತ ಪ್ರಸೂತಿ ತಜ್ಞರು ನಡೆಸಿದ ತನಿಖೆಯ ವರದಿ 2013ರಲ್ಲಿ ಬಂತು. ಸೋಂಕಿನ ಮೇಲೆ ಕಣ್ಣಿಡುವುದರಲ್ಲಿ ಆದ ಲೋಪಗಳನ್ನು ಅದು ಪಟ್ಟಿ ಮಾಡಿತು. ಭ್ರೂಣದ ಮಿಡಿತ ನಿಲ್ಲಲಿ ಎಂದು ಕಾದದ್ದೇ ಅತಿಯಾಯಿತು ಎಂದೂ ಹೇಳಿತು. ಅದೇ ಸವಿತಾ ಆ ವಾರ ಬೆಳಗಾವಿಯ ತವರಿನಲ್ಲಿ ಇದ್ದಿದ್ದರೆ? 'ಸಡಿಲ' ಎಂದು ನಾವು ಹಳಿಯುವ 1971ರ ಕಾಯ್ದೆಯ ನೆರಳಿನಲ್ಲಿ ಯಾವ ವೈದ್ಯರೂ ಜೈಲಿಗೆ ಹೆದರಿ ಕೈಕಟ್ಟಿ ನಿಲ್ಲಬೇಕಾಗಿರಲಿಲ್ಲ.

ಐರಿಶ್ ಜನ ಈ ಸಾವಿನಿಂದ ಕಲಿತರು. 2018ರ ಮೇ 25ರಂದು ಜನಮತ ನಡೆಯಿತು. ಮಗಳನ್ನು ನೆನೆದು ಮತ ಹಾಕಿ ಎಂದು ಬೆಳಗಾವಿಯಿಂದ ಆಕೆಯ ತಂದೆ ಆ ದೇಶದ ಜನರನ್ನು ಕೇಳಿಕೊಂಡರು. ಶೇ. 66.4ರಷ್ಟು ಜನ ಆ ತಿದ್ದುಪಡಿಯನ್ನು ಕಿತ್ತುಹಾಕಿದರು. ಡಬ್ಲಿನ್ನಿನ ಒಂದು ಗೋಡೆಯ ಮೇಲೆ ಬರೆದಿದ್ದ ಸವಿತಾಳ ಚಿತ್ರಕ್ಕೆ ಸಾವಿರಾರು ಚೀಟಿಗಳನ್ನು ಅಂಟಿಸಿ, ಕ್ಷಮಿಸು ತಂಗಿ ಎಂಬ ಭಾವದಲ್ಲಿ ಕಣ್ಣೀರು ಹಾಕಿದರು. ಅವರು ನಮ್ಮ ಹೆಣ್ಣುಮಗಳ ಹೆಣದ ಮೇಲೆ ನಿಂತು ಕಲಿತ ಪಾಠವನ್ನು ನಾವು ಆಕೆಯ ಜಿಲ್ಲೆಯಲ್ಲಿ ನಿಂತು ಮರೆಯುವುದೆಂದರೆ ಆಕೆಗೆ ಎರಡನೆಯ ಸಲ ದ್ರೋಹ ಬಗೆದಂತೆ.

ಇನ್ನು ಧರ್ಮ. "ನಮ್ಮ ಧರ್ಮ ಒಪ್ಪುವುದಿಲ್ಲ" ಎಂದು ಹೇಳುವವರಿಗೆ ನನ್ನ ಮೊದಲ ಪ್ರಶ್ನೆ: ಯಾವ ಗ್ರಂಥ, ಎಷ್ಟನೆಯ ತಿಂಗಳು? ಸ್ಮೃತಿಗಳು ಭ್ರೂಣಹತ್ಯೆಯನ್ನು ಘೋರ ಪಾಪಗಳ ಸಾಲಿನಲ್ಲಿಟ್ಟಿವೆ, ನಿಜ. ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದೇ ಮನುಸ್ಮೃತಿ ಗರ್ಭಸ್ರಾವವಾದಾಗ ಎಷ್ಟು ತಿಂಗಳೋ ಅಷ್ಟು ರಾತ್ರಿಯ ಸೂತಕ ಎಂದು ಮೆಟ್ಟಿಲು ಹಾಕುತ್ತದೆ. ಎರಡು ತಿಂಗಳ ಗರ್ಭವೂ ತುಂಬಿದ ಗರ್ಭವೂ ಆ ಲೆಕ್ಕದಲ್ಲಿ ಒಂದಲ್ಲ. ಗರ್ಭೋಪನಿಷತ್ತು ಏಳನೆಯ ತಿಂಗಳಲ್ಲಿ ಜೀವ ಕೂಡುತ್ತದೆ ಎನ್ನುತ್ತದೆ. ಇಸ್ಲಾಮಿನ ಪರಂಪರೆ 120 ದಿನಗಳಿಗೆ ಆತ್ಮ ಊದಲಾಗುತ್ತದೆ ಎನ್ನುತ್ತದೆ; ಅದರೊಳಗಿನ ಗರ್ಭದ ಬಗ್ಗೆ ಧರ್ಮಶಾಸ್ತ್ರಜ್ಞರಲ್ಲಿ ಬೇರೆ ಬೇರೆ ಮತಗಳಿವೆ. ಕೆಥೋಲಿಕ್ ಚರ್ಚು ಕೂಡ ಆತ್ಮ ಕೂಡಿದ ಗರ್ಭ, ಕೂಡದ ಗರ್ಭ ಎಂದು ಶಿಕ್ಷೆಯಲ್ಲಿ ಮಾಡುತ್ತಿದ್ದ ಭೇದವನ್ನು ಕೊನೆಗೆ ಬಿಟ್ಟದ್ದು 1869ರಲ್ಲಿ. ನಮ್ಮ ಸೀಮೆಯ ಲಿಂಗಾಯತ ಮನೆಗಳ ಸಂಪ್ರದಾಯ ಎಂಟನೆಯ ತಿಂಗಳಲ್ಲಿ ಗುರುವನ್ನು ಕರೆಸಿ ಗರ್ಭಕ್ಕೆ ಲಿಂಗಸಂಸ್ಕಾರ ಕೊಡುತ್ತದೆ. ಮುಟ್ಟಿನ ಸೂತಕ, ಹೆರಿಗೆಯ ಸೂತಕ ಎರಡನ್ನೂ ತಳ್ಳಿಹಾಕಿ ಹೆಣ್ಣಿನ ಮೈಯನ್ನು ಕೀಳೆಂಬ ಮಾತಿನಿಂದ ಬಿಡಿಸಿದ ಶರಣರ ನಾಡು ಇದು. ಆ ನಾಡಿನಲ್ಲಿ ಆ ಮೈಯ ಮೇಲೆ ಮತ್ತೆ ಬೇರೆಯವರ ಅಧಿಕಾರ ಹೇರುವುದನ್ನು ಧರ್ಮ ಎಂದು ಹೇಗೆ ಕರೆಯುವುದು?

ಗಮನಿಸಿ: ಒಂದು ಧರ್ಮ ಏಳು ತಿಂಗಳು, ಒಂದು ನಾಲ್ಕು ತಿಂಗಳು, ಒಂದು ಮೊದಲ ಕ್ಷಣ. ಇವುಗಳಲ್ಲಿ ಯಾವುದನ್ನು ಸರ್ಕಾರದ ಆಸ್ಪತ್ರೆಯ ಬಾಗಿಲಿಗೆ ಬರೆಸೋಣ? ಹುಕ್ಕೇರಿಯ ಪೇಟೆಯಲ್ಲಿ ಮಠವೂ ಇದೆ, ದರ್ಗಾವೂ ಇದೆ. ಒಬ್ಬ ಹೆಣ್ಣುಮಗಳು ತನ್ನ ನಂಬಿಕೆಗೆ ತಲೆಬಾಗಿ ಗರ್ಭ ಉಳಿಸಿಕೊಂಡರೆ ಆಕೆಗೆ ನನ್ನ ನಮಸ್ಕಾರ. ಆಕೆಯನ್ನು ತೆಗೆಸು ಎಂದು ದೂಡುವವರನ್ನೂ ನಾನು ಇಷ್ಟೇ ಗಟ್ಟಿಯಾಗಿ ವಿರೋಧಿಸುತ್ತೇನೆ. ಆದರೆ ನೆರೆಮನೆಯವಳ ಒಡಲಿನಲ್ಲಿ ನನ್ನ ನಂಬಿಕೆಯನ್ನು ಪೊಲೀಸರ ಕೈಯಿಂದ ನೆಡಿಸಿದರೆ ಅದು ಭಕ್ತಿಯಾಗದು. ಗಾಲ್ವೇಯ ವಾರ್ಡಿನಲ್ಲಿ ನಡೆದದ್ದು ಅದೇ. ಆ ಧರ್ಮ ಸವಿತಾಳದಾಗಿರಲಿಲ್ಲ.

"ವಿಜ್ಞಾನವೇ ಹೇಳುತ್ತದಲ್ಲ, ಆರು ವಾರಕ್ಕೇ ಹೃದಯ ಮಿಡಿಯುತ್ತದೆ" ಎಂಬ ಮಾತು ಈಗ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಹಾಗಾಗಿ ಆರು ವಾರ ಎಂದರೆ ಮುಟ್ಟು ತಪ್ಪಿ ಎರಡೇ ವಾರ. ಆಗ ಸ್ಕ್ಯಾನಿಂಗಿನಲ್ಲಿ ಕಾಣುವುದು ಇನ್ನೂ ರೂಪುಗೊಳ್ಳುತ್ತಿರುವ ಅಂಗಾಂಶದ ಮಿಡಿತ; ಇಡೀ ಪಿಂಡವೇ ಕೆಲವು ಮಿಲಿಮೀಟರು. ನೋವನ್ನು ಅನುಭವಿಸಲು ಬೇಕಾದ ಮೆದುಳಿನ ಜೋಡಣೆಗಳು 24 ವಾರಕ್ಕೆ ಮೊದಲು ಕೂಡಿಬಂದಿರುವುದಿಲ್ಲ ಎಂದು ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2010ರಲ್ಲಿ ಹೇಳಿತು. ಫಲಿತವಾದ ಅಂಡಗಳಲ್ಲಿ ದೊಡ್ಡ ಪಾಲು ತಾಯಿಗೆ ತಿಳಿಯುವ ಮೊದಲೇ ಮುಟ್ಟಿನೊಂದಿಗೆ ಹೋಗಿಬಿಡುತ್ತದೆ. ಇಷ್ಟು ಹೇಳಿ ವಿಜ್ಞಾನ ನಿಲ್ಲುತ್ತದೆ. ಆ ಪಿಂಡಕ್ಕೆ ಎಷ್ಟು ಬೆಲೆ ಕಟ್ಟಬೇಕೆಂಬುದನ್ನು ಸೂಕ್ಷ್ಮದರ್ಶಕ ಹೇಳುವುದಿಲ್ಲ, ಹೇಳುತ್ತದೆ ಎಂದು ನಾನೂ ವಾದಿಸುವುದಿಲ್ಲ.

ವಿಜ್ಞಾನ ಖಚಿತವಾಗಿ ಹೇಳಬಲ್ಲ ಮಾತೊಂದಿದೆ: ಹೆಂಗಸರು ಯಾತರಿಂದ ಸಾಯುತ್ತಾರೆ ಎಂಬುದು. 2015ರಲ್ಲಿ ಭಾರತದಲ್ಲಿ ಒಂದು ಕೋಟಿ 56 ಲಕ್ಷ ಗರ್ಭಪಾತಗಳು ಆದವೆಂದು ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ 2018ರಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತು. ಅವುಗಳಲ್ಲಿ ಆಸ್ಪತ್ರೆಯಲ್ಲಿ ಆದದ್ದು ಶೇ. 22 ಮಾತ್ರ. ಶೇ. 73 ಆಸ್ಪತ್ರೆಯ ಹೊರಗೆ, ಗುಳಿಗೆಗಳಿಂದ. ಉಳಿದ ಶೇ. 5 ಅಪಾಯದ ಬೇರೆ ವಿಧಾನಗಳಿಂದ. ಆ ಶೇ. 5 ಎಂದರೆ ಏಳೆಂಟು ಲಕ್ಷ ಹೆಂಗಸರು. ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟಾಲ್ ಎಂಬ ಆ ಎರಡು ಗುಳಿಗೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿಟ್ಟಿದೆ. ಒಂಬತ್ತು ವಾರದೊಳಗೆ, ವೈದ್ಯರ ಸಲಹೆಯಂತೆ ತೆಗೆದುಕೊಂಡರೆ ಅವು ಸುರಕ್ಷಿತ. ಆ ಹೊತ್ತಿಗೆ ಯಾವ ಸ್ಕ್ಯಾನಿಂಗ್ ಯಂತ್ರಕ್ಕೂ ಗಂಡೋ ಹೆಣ್ಣೋ ಕಾಣುವುದಿಲ್ಲ. ಅಂದರೆ, ಬೇಗ ಬಂದು ಗುಳಿಗೆ ಕೇಳಿದ ಹೆಂಗಸು ಸ್ಕ್ಯಾನಿಂಗಿನಲ್ಲಿ ಲಿಂಗ ನೋಡಿ ತೆಗೆಸಿಕೊಳ್ಳಲು ಸಾಧ್ಯವೇ ಇಲ್ಲ. ಆದರೂ 'ಭ್ರೂಣಹತ್ಯೆ ತಡೆ' ಎಂದು ಔಷಧದಂಗಡಿಗಳ ಮೇಲೆ ದಾಳಿ ಮಾಡುತ್ತಾರೆ. ಬೀಡ್ ಜಿಲ್ಲೆಯ ಪರಳಿಯ ಹೆಣ್ಣು ಭ್ರೂಣಹತ್ಯೆಯ ಹಗರಣ 2012ರಲ್ಲಿ ಹೊರಬಿದ್ದ ಮೇಲೆ ಪಕ್ಕದ ಮಹಾರಾಷ್ಟ್ರದಲ್ಲಿ ಇದೇ ಗುಳಿಗೆಗಳ ಮೇಲೆ ಹಿಡಿತ ಬಿಗಿಯಾಯಿತು. ಅಂಗಡಿಯವನು ಹೆದರಿ ಗುಳಿಗೆ ಇಡುವುದನ್ನೇ ಬಿಟ್ಟರೆ ಎಂಟನೆಯ ವಾರದಲ್ಲಿ ಮುಗಿಯಬೇಕಾದದ್ದು ಹದಿನಾರನೆಯ ವಾರಕ್ಕೆ ಹೋಗುತ್ತದೆ. ಸುರಕ್ಷಿತವಾದದ್ದನ್ನು ಮುಚ್ಚಿ ಅಪಾಯವಾದದ್ದರ ಕಡೆಗೆ ದಾರಿ ತೋರಿಸಿದಂತಾಗುತ್ತದೆ.

ತೀರ್ಪುಗಳ ಮಾತಿಗೆ ಬರೋಣ, ಅಮೆರಿಕದ ಬುದ್ಧಿಯನ್ನು ಹೊಗಳಿದವರಿಗಾಗಿ. 2022ರ ಆ ತೀರ್ಪು ಬರೆದ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ಹಳೆಯ ಪ್ರಮಾಣಗಳನ್ನು ಹುಡುಕುತ್ತ ಹದಿನೇಳನೆಯ ಶತಮಾನದ ಇಂಗ್ಲಿಷ್ ನ್ಯಾಯಾಧೀಶ ಮ್ಯಾಥ್ಯೂ ಹೇಲ್‌ನ ಬಳಿ ಹೋದರು. ಈ ಹೇಲ್ 1662ರಲ್ಲಿ ಮಾಟಗಾತಿಯರೆಂದು ಇಬ್ಬರು ಹೆಂಗಸರನ್ನು ಗಲ್ಲಿಗೆ ಕಳಿಸಿದವನು. ಗಂಡ ಹೆಂಡತಿಯ ಮೇಲೆ ಎಸಗಿದ್ದು ಅತ್ಯಾಚಾರವೇ ಆಗದು ಎಂದು ಬರೆದವನೂ ಅವನೇ. ಆ ಕೊನೆಯ ಮಾತು ಬ್ರಿಟಿಷರ ಹಡಗಿನಲ್ಲಿ ನಮ್ಮ ದಂಡಸಂಹಿತೆಗೂ ಬಂದು, ಈಗಿನ ನ್ಯಾಯ ಸಂಹಿತೆಯಲ್ಲೂ ಕೂತಿದೆ. ಅಮೆರಿಕದ ಆ ತೀರ್ಪಿನ ಮೂರು ತಿಂಗಳ ಬಳಿಕ, 2022ರ ಸೆಪ್ಟೆಂಬರ್ 29ರಂದು, ನಮ್ಮ ಸುಪ್ರೀಂ ಕೋರ್ಟು ತದ್ವಿರುದ್ಧ ದಿಕ್ಕಿಗೆ ನಡೆಯಿತು. ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್, ನಮ್ಮ ನಾಡಿನವರೇ ಆದ ಎ.ಎಸ್. ಬೋಪಣ್ಣ ಮತ್ತು ಜೆ.ಬಿ. ಪಾರ್ದಿವಾಲಾ ಅವರ ಪೀಠ, ಮದುವೆಯಾದವಳು ಆಗದವಳು ಎಂಬ ಭೇದ ಈ ಕಾಯ್ದೆಯಲ್ಲಿ ಸಲ್ಲದು ಎಂದಿತು. ಗಂಡನ ಬಲಾತ್ಕಾರದಿಂದ ಬಸುರಾದವಳನ್ನೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರಕ್ಕೆ ಒಳಗಾದವಳೆಂದೇ ಕಾಣಬೇಕು ಎಂದಿತು. ಹೇಲ್‌ನ ಮಾತಿಗೆ ನಮ್ಮ ನ್ಯಾಯಾಲಯ ಹಾಕಿದ ಪೆಟ್ಟು ಅದು.

ಆ ಪೀಠ ನಿಂತ ನೆಲವೂ ನಮ್ಮದೇ. ಮಕ್ಕಳನ್ನು ಪಡೆಯುವ, ಪಡೆಯದಿರುವ ಆಯ್ಕೆ ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು 2009ರಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕೆಂದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಅಕ್ಟೋಬರಿನಲ್ಲಿ 26 ವಾರದ ಬಸುರಿಯೊಬ್ಬಳ ಅರ್ಜಿ ಬಂದಾಗ ಆಕೆಯ ತೀರ್ಮಾನಕ್ಕೆ ಬೆಲೆ ಕೊಡಬೇಕೆಂದು ಗಟ್ಟಿಯಾಗಿ ನಿಂತವರು ಕನ್ನಡದ ಮಗಳು, ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಕೊನೆಗೆ ಮೂವರ ಪೀಠ ಆ ಹೆಣ್ಣುಮಗಳಿಗೆ ಅನುಮತಿ ನಿರಾಕರಿಸಿತು. ಆದರೂ ಆ ಭಿನ್ನಧ್ವನಿ ದಾಖಲೆಯಲ್ಲಿ ಉಳಿದಿದೆ, ಮುಂದೊಂದು ದಿನ ದಾರಿ ತೋರುತ್ತದೆ ಎಂದು ನಂಬಿದ್ದೇನೆ.

ಈಗ ಗಂಡನ ಸಹಿ. ಹದಿನೆಂಟು ತುಂಬಿದ, ಮನಸ್ಸು ಸ್ವಸ್ಥವಾಗಿರುವ ಹೆಂಗಸಿನ ಗರ್ಭ ತೆಗೆಯಲು ಆಕೆಯೊಬ್ಬಳ ಒಪ್ಪಿಗೆ ಸಾಕು ಎಂದು 1971ರಿಂದಲೂ ಕಾಯ್ದೆಯಲ್ಲಿದೆ. ತನ್ನನ್ನು ಕೇಳದೆ ತೆಗೆದರೆಂದು ಹೆಂಡತಿ ಮತ್ತು ವೈದ್ಯರ ಮೇಲೆ ಗಂಡನೊಬ್ಬ ಹೂಡಿದ ದಾವೆಯನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು 2011ರಲ್ಲಿ ತಳ್ಳಿಹಾಕಿತು, ಸುಪ್ರೀಂ ಕೋರ್ಟು 2017ರಲ್ಲಿ ಅದನ್ನೇ ಎತ್ತಿಹಿಡಿಯಿತು. ಆದರೂ ನಮ್ಮ ಆಸ್ಪತ್ರೆಗಳ ಚೀಟಿ ಕೊಡುವ ಕಿಟಕಿಯಲ್ಲಿ ಮೊದಲ ಪ್ರಶ್ನೆ "ಯಜಮಾನ್ರು ಎಲ್ಲ್ಯದಾರ?" ಆ ಒಂದು ಪ್ರಶ್ನೆಗೆ ಹೆದರಿ ಎಷ್ಟು ಜನ ಮೆಟ್ಟಿಲಿಳಿದು ವಾಪಸು ಹೋಗಿರಬಹುದು! ಯೋಚಿಸಿ: ಲಿಂಗ ಪತ್ತೆ ಮಾಡಿಸಿ ತೆಗೆಸುವ ಮನೆಗಳಲ್ಲಿ ಗಂಡನ ಸಹಿ ಎಂದೂ ಅಡ್ಡ ಬರುವುದಿಲ್ಲ. ಅವನೇ ಕಾರು ತಂದವನು, ಹಣ ಎಣಿಸಿದವನು. ಸಹಿ ಅಡ್ಡ ಬರುವುದು ಕಬ್ಬಿನ ಗ್ಯಾಂಗಿನ ಆ ಬಾಣಂತಿಗೆ ಮಾತ್ರ.

ಇಲ್ಲಿ ನನ್ನ ವಾದಕ್ಕೆ ಎದುರಾಗುವ ನಿಜವಾದ ಕಠಿಣ ಪ್ರಶ್ನೆಯನ್ನು ತಪ್ಪಿಸುವುದಿಲ್ಲ. "ಹೆಣ್ಣು ಬೇಡ ಎಂದು ತಾಯಿಯೇ ಮನಸಾರೆ ಹೇಳಿದರೆ? ಆಕೆಯ ಆಯ್ಕೆ ಎಂದು ಬಿಡುತ್ತೀರಾ?" ಬಿಡುವುದಿಲ್ಲ. ಲಿಂಗ ನೋಡುವ ಕೆಲಸವೇ ಅಪರಾಧವಾಗಿ ಉಳಿಯಬೇಕು. ನೋಡುವವನು, ಹೇಳುವವನು, ಗಿರಾಕಿ ತರುವವನು ಜೈಲಿಗೆ ಹೋಗಬೇಕು. ಇಷ್ಟು ಬಿಗಿಯಾದರೆ ಸಾಕು, ಏಕೆಂದರೆ ಪರದೆಯ ಗುಟ್ಟು ಹೊರಬೀಳದಿದ್ದರೆ ಹೆಣ್ಣೆಂದು ತೆಗೆಸುವ ಪ್ರಶ್ನೆಯೇ ಏಳುವುದಿಲ್ಲ. ಮೂರನೆಯದೂ ಹೆಣ್ಣಾದರೆ ಸವತಿ ಬರುತ್ತಾಳೆ ಎಂಬ ಮನೆಯಲ್ಲಿ "ನನಗೂ ಬೇಡ" ಎಂದವಳ ಮಾತಿನಲ್ಲಿ ಆಕೆಯ ದನಿ ಎಷ್ಟು, ಮನೆಯ ದನಿ ಎಷ್ಟು ಎಂದು ಬೇರ್ಪಡಿಸಲಾಗದು. ಆಕೆಗೆ ಆಯ್ಕೆ ಹೆಚ್ಚಾದ ಕಾರಣ ಇದು ನಡೆದದ್ದಲ್ಲ. ಹೊಲದ ಪಹಣಿಯಲ್ಲಿ ಹೆಸರಿಲ್ಲದ, ತವರಿನ ಬಾಗಿಲು ಮುಚ್ಚಿದ, ಗಂಡು ಹೆತ್ತರಷ್ಟೇ ನೆಲೆ ಸಿಗುವ ಬಾಳಿನಲ್ಲಿ ಆಕೆಗೆ ಇದ್ದ ಆಯ್ಕೆ ಇದೊಂದೇ.

ಹಾಗಾದರೆ ಮಾಡಬೇಕಾದದ್ದೇನು? ಹುಕ್ಕೇರಿ, ಗೋಕಾಕ, ಮೂಡಲಗಿ ಈ ಮೂರು ತಾಲೂಕುಗಳ ಮಟ್ಟಿಗೆ ಹೇಳುತ್ತೇನೆ. ತಾಲೂಕು ಆಸ್ಪತ್ರೆಗಳಲ್ಲಿ ತರಬೇತಾದ ವೈದ್ಯರು ವಾರದ ಎಲ್ಲ ದಿನ ಸಿಗಬೇಕು. ಗರ್ಭಪಾತ ಇಲ್ಲಿ ಕಾನೂನುಬದ್ಧ, ಗಂಡನ ಸಹಿ ಬೇಕಿಲ್ಲ, ಹೆಸರು ಗುಟ್ಟಾಗಿರುತ್ತದೆ ಎಂಬ ಬೋರ್ಡು, ಲಿಂಗ ಪತ್ತೆ ಮಾಡುವುದಿಲ್ಲ ಎಂಬ ಬೋರ್ಡಿನ ಪಕ್ಕದಲ್ಲೇ ಅಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕು. ಆಶಾ ಕಾರ್ಯಕರ್ತೆ ಬಸುರಿನ ಪಟ್ಟಿ ಬರೆದುಕೊಳ್ಳುವಾಗ "ನಿನಗ ಬೇಕೇನವ್ವಾ?" ಎಂದು ಕೇಳುವಷ್ಟು ಧೈರ್ಯವನ್ನು ಇಲಾಖೆ ಆಕೆಗೆ ಕೊಡಬೇಕು. ಬಾಲ್ಯವಿವಾಹ ಇನ್ನೂ ನಿಲ್ಲದ ಈ ಜಿಲ್ಲೆಯಲ್ಲಿ ಹದಿನೆಂಟು ತುಂಬದ ಹುಡುಗಿಯರು ಪೋಕ್ಸೋ ಕೇಸಿಗೆ ಹೆದರಿ ಕಳ್ಳ ಕೋಣೆಗಳಿಗೆ ಹೋಗದಂತೆ ನೋಡಿಕೊಳ್ಳಬೇಕು. ಆ ಹುಡುಗಿ ಬೇಡವೆಂದರೆ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಆಕೆಯ ಗುರುತು ಹೇಳಬೇಕಿಲ್ಲ ಎಂದು 2022ರ ತೀರ್ಪಿನಲ್ಲೇ ಇದೆ. ಇನ್ನು ಪೊಲೀಸರ ಬಲವನ್ನೆಲ್ಲ ಸ್ಕ್ಯಾನಿಂಗ್ ಯಂತ್ರಗಳ ಲೆಕ್ಕಕ್ಕೆ, ಗಡಿ ದಾಟಿ ಬರುವ ದಲ್ಲಾಳಿಗಳ ಬೆನ್ನಟ್ಟುವುದಕ್ಕೆ ಹಾಕಲಿ. ಜ್ವರ ಇರುವುದು ಅಲ್ಲಿ.

ಮೂಡಲಗಿಯ ಹಳ್ಳದ ಬಗ್ಗೆ ಆ ವಾರ ನಾನು ಕೇಳಿದ ಮಾತುಗಳನ್ನು ಈಗಲೂ ಒಂದೊಂದಾಗಿ ನೆನೆಯುತ್ತೇನೆ. ಡಬ್ಬಿಗಳ ಬಗ್ಗೆ ಮಾತು, ವೈದ್ಯರ ಬಗ್ಗೆ ಮಾತು, ಕಲಿಗಾಲದ ಬಗ್ಗೆ, ಕಾಯ್ದೆಯ ಬಗ್ಗೆ ಮಾತು. ಏಳು ಎಂಬ ಸಂಖ್ಯೆ ಎಲ್ಲರ ಬಾಯಲ್ಲಿತ್ತು. ಐದೈದು ತಿಂಗಳು ಆ ಏಳನ್ನು ಹೊತ್ತ ಹೆಣ್ಣುಮಕ್ಕಳು ಯಾರು, ಅವರನ್ನು ಯಾರಾದರೂ ಕೇಳಿದ್ದರೇ, ಅವರ ರಕ್ತ ನಿಂತಿತೇ, ಅವರು ಬದುಕಿದ್ದಾರೆಯೇ ಎಂದು ಕೇಳಿದವರನ್ನು ನಾನು ಕಾಣಲಿಲ್ಲ. ಹಂತಕಿಯರು ಎಂದು ಬೈಯಲಿಕ್ಕಾದರೂ ಅವರ ನೆನಪು ಬಂತು, ಗಾಯಗೊಂಡವರು ಎಂದು ಹುಡುಕಲಿಕ್ಕೆ ಬರಲಿಲ್ಲ. ನಮ್ಮ ಚರ್ಚೆ ಅವರ ಯೋಗಕ್ಷೇಮದ ಪ್ರಶ್ನೆಯಿಂದ ಶುರುವಾಗುವ ದಿನ, ಅಂಥ ಡಬ್ಬಿಗಳು ಇನ್ನೊಂದು ಹಳ್ಳದಲ್ಲಿ ತೇಲುವುದು ನಿಲ್ಲುತ್ತದೆ.